ಎಣ್ಣೆ ಹಚ್ಚಿಕೊಂಡು ಕೂತ ದೇಸಾಯರು

ಚಿತ್ರ ಬಂದದ್ದು ನವೆಂಬರಿನ ಒಂದು ಗುರುವಾರ. ಪಾರ್ಸೆಲ್ ಲಾರಿಯವನು ಅದನ್ನು ಅಪಾರ್ಟ್‌ಮೆಂಟಿನ ಗೇಟಿನಲ್ಲೇ ಇಳಿಸಿ ಹೋಗಿಬಿಟ್ಟ. ಲಿಫ್ಟಿನೊಳಗೆ ಅದು ಹಿಡಿಸಲಿಲ್ಲ. ಶ್ಯಾಮಸುಂದರ ಮತ್ತು ಸೆಕ್ಯೂರಿಟಿಯ ದ್ಯಾಮಣ್ಣ ಇಬ್ಬರೂ ಸೇರಿ ಮೆಟ್ಟಿಲ ಮೇಲೆ ಅದನ್ನು ಓರೆ ಮಾಡಿ, ನೆಟ್ಟಗೆ ಮಾಡಿ, ಮೂರನೆಯ ಮಹಡಿಗೆ ತರುವಷ್ಟರಲ್ಲಿ ಎಪ್ಪತ್ತು ದಾಟಿದ ಶ್ಯಾಮಸುಂದರನ ಸೊಂಟ ಹಿಡಿದುಕೊಂಡಿತ್ತು.

"ಏನಿದೆ ಇದರೊಳಗೆ? ನಿಮ್ಮ ವಾಡೆ ಬಾಗಿಲನ್ನೇ ಕಿತ್ತು ಕಳಿಸಿದಾರಾ?" ಎಂದು ಹೆಂಡತಿಯನ್ನು ಕೇಳಿದ.

"ನಮ್ಮಜ್ಜ ಇದ್ದಾನ. ಸಾವಕಾಶ ಇಡ್ರಿ," ಎಂದಳು ವತ್ಸಲಾ.

ವತ್ಸಲಾಳ ತಾಯಿಯ ತಂದೆ ವೆಂಕಟರಾವ್, ಬಾಗಲಕೋಟೆ ಕಡೆಯ ಮಾಳಗಿಯ ದೇಸಾಯರು. ಹನ್ನೆರಡು ಹಳ್ಳಿಗೆ ಒಡೆಯರಾಗಿದ್ದವರು. ಈಗ ಉಳಿದಿದ್ದ ಹಳೆಯ ದೊಡ್ಡ ಮನೆ, ಆ ವಾಡೆಯನ್ನೂ ಅವಳ ಸೋದರಮಾವ ವಾದಿರಾಜ ಮಾರಿದ್ದರು. ಧಾರವಾಡದಲ್ಲಿದ್ದ ಅವರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಅಪ್ಪನ ಚಿತ್ರ ನಿನಗ ಕಳಿಸೇನಿ. ಚಂದಗೆ ಇಟಗೋ." ನಾಲ್ಕು ಜನ ಗಂಡುಮಕ್ಕಳಿರುವ ಮಾವ ತನಗೇ ಕಳಿಸಿದರಲ್ಲ ಎಂದು ವತ್ಸಲಾ ವಾರವೆಲ್ಲ ಹಿಗ್ಗಿದ್ದಳು. ಜರಿ ಪೇಟ, ಉದ್ದ ಕೋಟು, ಕೈಯಲ್ಲಿ ಬೆಳ್ಳಿ ಹಿಡಿಯ ಬೆತ್ತ, ಹೀಗೆ ಏನೇನೋ ಎಣಿಸಿಕೊಂಡಿದ್ದಳು.

ಗೋಣಿ ಬಿಚ್ಚಿದಾಗ ಕಂಡವನು ಬೇರೆಯವನೇ. ಮರದ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಐವತ್ತರ ಗಂಡಸು. ತೊಡೆಯವರೆಗೆ ಎತ್ತಿ ಕಟ್ಟಿದ ಪಂಚೆ. ಬರಿ ಮೈಗೆ ಎಣ್ಣೆ ಹಚ್ಚಿಕೊಂಡಿದ್ದಾನೆ. ಜನಿವಾರ ಎದೆಗೆ ಅಂಟಿಕೊಂಡಿದೆ, ಹೊಟ್ಟೆ ಪಂಚೆಯ ಮೇಲೆ ಆರಾಮಾಗಿ ಇಳಿದಿದೆ. ಬಿಚ್ಚಿದ ಕೂದಲಿನಿಂದ ಎಣ್ಣೆ ಇಳಿದು ಒಂದು ಕಣ್ಣಿಗೆ ಹೋಗುತ್ತಿರಬೇಕು, ಆ ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನಲ್ಲಿ ಎದುರಿನವರನ್ನು ನೋಡಿ ಬಾಯ್ತುಂಬ ನಗುತ್ತಿದ್ದಾನೆ.

ಶ್ಯಾಮಸುಂದರ ಸೊಂಟ ಹಿಡಿದುಕೊಂಡೇ ಜೋರಾಗಿ ನಕ್ಕ. "ಪರವಾಗಿಲ್ಲ ಕಣೇ. ನಿಮ್ಮ ವಂಶದಲ್ಲಿ ಒಬ್ಬನಾದರೂ ಮನುಷ್ಯನ ಥರ ಇದಾನೆ."

"ನಗಬ್ಯಾಡ್ರಿ," ಎಂದಳು ವತ್ಸಲಾ. ಅವಳ ಮುಖ ಸಪ್ಪಗಾಗಿತ್ತು.

ಎರಡು ರೂಮಿನ ಆ ಫ್ಲ್ಯಾಟಿನಲ್ಲಿ ಅಷ್ಟು ದೊಡ್ಡ ಚಿತ್ರಕ್ಕೆ ಇದ್ದದ್ದು ಒಂದೇ ಗೋಡೆ. ಹಾಲಿನ ಆ ಗೋಡೆಯ ಮೇಲೆ ಸೊಸೆ ಶರಣ್ಯಳ ಬಿಳಿ ಬೋರ್ಡಿತ್ತು. ಶರಣ್ಯ ಸಂಜೆ ಐದರಿಂದ ಏಳರವರೆಗೆ ಕಾಂಪ್ಲೆಕ್ಸಿನ ಒಂಬತ್ತು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಳು. ಅವಳು ಮಾರ್ಕರ್ ತರಲು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಬೋರ್ಡು ಬಾಲ್ಕನಿ ಸೇರಿ, ಅದರ ಮೊಳೆಗೆ ದೇಸಾಯರು ನೇತಾಡುತ್ತಿದ್ದರು.

"ಅತ್ತೆ, ಒಂದು ಮಾತು ಕೇಳಬಾರದಿತ್ತಾ?"

"ಹಿರಿಯರನ್ನ ಎಲ್ಲಿ ಹಾಕ್ಲಿ? ಬಾಲ್ಕನಿಯೊಳಗ, ಬಟ್ಟಿ ಒಣಗಸೋ ಹಗ್ಗದ ಕೆಳಗ ಹಾಕ್ಲೇನು?"

ಅವತ್ತು ಶರಣ್ಯ ಬೋರ್ಡನ್ನು ಕುರ್ಚಿಯ ಮೇಲೆ ನಿಲ್ಲಿಸಿ ಪಾಠ ಮಾಡಿದಳು. ಅದು ಎರಡು ಸಲ ಜಾರಿ ಬಿತ್ತು. ಮಕ್ಕಳ ಕಣ್ಣು ಭಿನ್ನರಾಶಿಯ ಮೇಲಿರಲಿಲ್ಲ.

"ಮಿಸ್, ಆ ಅಂಕಲ್ ಯಾಕೆ ಅಂಗಿ ಹಾಕಿಲ್ಲ?"

"ಮಿಸ್, ಕಣ್ಣು ಹೊಡೀತಿದಾರೆ."

ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ವತ್ಸಲಾಳಿಗೆ ಎಲ್ಲವೂ ಕೇಳಿಸುತ್ತಿತ್ತು.

ಮಗ ಶ್ರೀಕಾಂತ್ ಬೊಮ್ಮಸಂದ್ರದ ಔಷಧಿ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮುಗಿಸಿ ಬಂದಾಗ ಅಮ್ಮ ಒಂದು ಕಡೆಯಿಂದ, ಹೆಂಡತಿ ಒಂದು ಕಡೆಯಿಂದ ಹಿಡಿದುಕೊಂಡರು. ಅವನು ಬೂಟಿನ ಲೇಸು ಬಿಚ್ಚುತ್ತ, "ನನಗೆ ಮೊದಲು ಊಟ ಹಾಕಿ. ಕಂಪನಿ ಬಸ್ಸಲ್ಲಿ ನಿಂತ್ಕೊಂಡು ಬಂದಿದೀನಿ," ಎಂದ. ಊಟ ಮಾಡಿ ಮಲಗಿಬಿಟ್ಟ. ಮುಂದಿನ ಮೂರು ವಾರವೂ ಅವನ ತೀರ್ಪು ಇದೇ ಆಗಿತ್ತು.

ವತ್ಸಲಾಳಿಗೆ ಆ ಗೋಡೆ ಬೇಕಾಗಿದ್ದಕ್ಕೆ ಇನ್ನೊಂದು ಕಾರಣವಿತ್ತು. ಜನವರಿಯಲ್ಲಿ ಬೆಂಗಳೂರಿನಲ್ಲಿ ಮಾಳಗಿ ದೇಸಾಯರ ಮನೆತನದ ಸಮಾವೇಶ ನಡೆಯುವುದಿತ್ತು. ಮುನ್ನೂರು ಜನ, ಒಂದು ಸ್ಮರಣ ಸಂಚಿಕೆ, ಅದರಲ್ಲಿ ಹಿರಿಯರ ಚಿತ್ರಗಳು. ವತ್ಸಲಾ ಚಿತ್ರದ ಫೋಟೋ ತೆಗೆಸಿ ಕಳಿಸಿದ್ದಳು. ಎರಡು ದಿನದ ಮೇಲೆ ಸಂಚಿಕೆಯ ಕಾರ್ಯದರ್ಶಿಯ ಫೋನು ಬಂತು.

"ತಾಯಿ, ಚಿತ್ರ ಕೈ ಸೇರ್ತು. ಆದ್ರ ಏನದ ಅಂದ್ರ, ಉಳಿದ ಹಿರಿಯರೆಲ್ಲ ಪೇಟ ಕೋಟು ಹಾಕ್ಕೊಂಡು ಕೂತಾರ. ಇವರು ಬಚ್ಚಲಿಗೆ ಹೊಂಟವರ ಹಂಗ ಇದ್ದಾರ. ಬ್ಯಾರೆ ಚಿತ್ರ ಇದ್ದರ ಕಳಸ್ರಿ. ಇಲ್ಲಾಂದ್ರ ಬರೇ ಹೆಸರು ಹಾಕ್ತೇವಿ."

ಬೇರೆ ಚಿತ್ರ ಇರಲಿಲ್ಲ. ಆ ರಾತ್ರಿಯ ಊಟಕ್ಕೆ ಹಿತಕಬೇಳೆ ಸಾರಿತ್ತು. ಅದಕ್ಕೆ ಉಪ್ಪೇ ಬಿದ್ದಿರಲಿಲ್ಲ. ಯಾರೂ ಹೇಳುವ ಧೈರ್ಯ ಮಾಡಲಿಲ್ಲ.

"ನಾನು ಮೊಬೈಲಲ್ಲೇ ಪೇಟ ಹಾಕಿಕೊಡ್ತೀನಿ ಅತ್ತೆ," ಎಂದಳು ಶರಣ್ಯ ಕನಿಕರದಿಂದ. ಹಾಕಿಯೂ ತೋರಿಸಿದಳು. ಪೇಟ ತಲೆಗಿಂತ ಎರಡು ಬೆರಳು ಮೇಲೆ ತೇಲುತ್ತಿತ್ತು.

"ನಮ್ಮಜ್ಜನ್ನ ಸೋಗು ಹಾಕಿದವನ್ನ ಮಾಡೀದಿ," ಎಂದು ವತ್ಸಲಾ ಫೋನನ್ನು ದೂರ ಸರಿಸಿದಳು. "ಫೋಟೋದಾಗ ಹಾಕಿದ್ರೂ ಸಮಾವೇಶಕ್ಕ ಬಂದವರು ನಾಲ್ಕು ಮಂದಿ ಮನಿಗೂ ಬರ್ತಾರ. ಗ್ವಾಡಿ ಮ್ಯಾಲೆ ನೋಡಿ ಏನಂತಾರ?"

"ಏನಂತಾರೆ? ದೇಸಾಯರಿಗೂ ಹೊಟ್ಟೆ ಇತ್ತು ಅಂತಾರೆ," ಎಂದ ಶ್ಯಾಮಸುಂದರ.

"ನಿಮಗ ಇದು ಚ್ಯಾಷ್ಟಿ. ಹೌದಲ್ಲೊ?"

"ಚೇಷ್ಟೆ ಏನಿಲ್ಲ. ಮದುವೆಯಾದ ಹೊಸದರಲ್ಲಿ ನಿಮ್ಮ ವಾಡೆಗೆ ಹೋಗಿದ್ದೆನಲ್ಲ, ನಿನ್ನ ಮಾವಂದಿರು ಕೇಳಿದ್ರು, ಏನ್ಕೆಲಸ ಅಂತ. ಕಾರ್ಖಾನೇಲಿ ಟೂಲ್ ರೂಮು, ಉಪಕರಣ ಮಾಡೋದು ಅಂದೆ. ಕಮ್ಮಾರಿಕೆಯೋ ಅಂದು ನಕ್ಕರು. ಆವತ್ತು ಈ ಮನುಷ್ಯ ಬದುಕಿದ್ದಿದ್ರೆ ನನ್ನ ಪಕ್ಕ ಕೂತು ಊಟ ಮಾಡ್ತಿದ್ದ ಅನ್ಸತ್ತೆ. ಇವನಿಗೆ ಪೇಟ ಬೇಡ ಕಣೇ, ಬಿಡು."

"ನಲವತ್ತೊಂದು ವರ್ಷದ ಮಾತು ಇನ್ನೂ ತಲಿಯೊಳಗ ಇಟಗೊಂಡೀರಿ!"

"ನೀನು ನಲವತ್ತೊಂದು ವರ್ಷದಿಂದ ವಾಡೆ ವಾಡೆ ಅಂತ ಜ್ಞಾಪಿಸ್ತಾನೇ ಇದೀಯಲ್ಲ!"

ಶ್ರೀಕಾಂತ್ ತಟ್ಟೆ ಎತ್ತಿಕೊಂಡು ಸಿಂಕಿಗೆ ಹೋದ.

ದಾರಿ ತೋರಿಸಿದ್ದು ಪಾತ್ರೆ ತೊಳೆಯಲು ಬರುತ್ತಿದ್ದ ಮಹಾನಂದಾ. ಅವಳೂ ಬಾಗಲಕೋಟೆ ಕಡೆಯವಳೇ. ಹೆಬ್ಬಗೋಡಿಯ ಒಂದು ಬಾಡಿಗೆ ರೂಮಿನಲ್ಲಿ ಗಂಡ ಇರಣ್ಣನ ಜೊತೆ ಇದ್ದಳು. ಇರಣ್ಣ ಊರಿನಲ್ಲಿದ್ದಾಗ ಟ್ರ್ಯಾಕ್ಟರ್ ಟ್ರಾಲಿಗಳ ಮೇಲೆ ದೇವರ ಚಿತ್ರ ಬರೆಯುತ್ತಿದ್ದ. ಗುಡಿಯ ಗೋಡೆಗೂ ಬರೆದಿದ್ದ. ಈಗ ಬೊಮ್ಮಸಂದ್ರದ ಒಂದು ಶೆಡ್ಡಿನಲ್ಲಿ ಕಬ್ಬಿಣದ ಪೆಟ್ಟಿಗೆಗಳಿಗೆ ಬಣ್ಣ ಹೊಡೆಯುತ್ತಿದ್ದ.

ಭಾನುವಾರ ಬಂದ ಇರಣ್ಣ ಚಿತ್ರದ ಮುಂದೆ ಬಹಳ ಹೊತ್ತು ನಿಂತ. ಹತ್ತಿರ ಹೋದ, ದೂರ ಬಂದ. ಆಮೇಲೆ ನೆಲದ ಮೇಲೆ ಕೂತು ನೋಡಿದ.

"ಅವ್ವಾರ, ಇದಕ್ಕ ಕೈ ಹಚ್ಚೂದು ಬ್ಯಾಡ್ರಿ. ಭಾಳ ಚಲೋ ಐತಿ. ಬರದವರು ಹಿಂಗ ನೆಲದ ಮ್ಯಾಲೆ, ಇವ್ರ ಎದುರಿಗೇ ಕುಂತು ಬರದಾರ. ಇವ್ರಿಗೆ ಬೇಕಾದವ್ರು ಇರಬೇಕ್ರಿ."

"ಅಂವ ಯಾವನರೇ ಇರ್ಲಿ, ಕೂತಾವ್ರು ದೇಸಾಯರು. ದೇಸಾಯರ ಹಂಗ ಕಾಣಬೇಕು. ನೀ ಒಲ್ಲೆ ಅಂದ್ರ ಬ್ಯಾರೆಯವರನ್ನ ಕರೀತೇನಿ."

ಬೇರೆಯವರು ಬಂದರೆ ಬಾಗಿಲಿಗೆ ಹಚ್ಚುವ ಬಣ್ಣವನ್ನೇ ಮೆತ್ತಿಯಾರು ಎಂದು ಇರಣ್ಣನಿಗೆ ಹೆದರಿಕೆಯಾಯಿತು. ಒಪ್ಪಿಕೊಂಡ. ಟ್ಯೂಬಿನ ಎಣ್ಣೆಬಣ್ಣ, ಸಣ್ಣ ಬ್ರಷ್ಷುಗಳು, ಬೇಗ ಒಣಗಲು ಒಂದು ದ್ರಾವಣ, ಎಲ್ಲವನ್ನೂ ಪೇಟೆಯಿಂದ ತಾನೇ ಆರಿಸಿ ತಂದ.

ಮೊದಲ ಭಾನುವಾರ ಕೆಂಪು ಪೇಟ ಬಂತು. ಎರಡನೆಯ ಭಾನುವಾರ ಬಿಳಿ ಕೋಟು ಎದೆ, ಹೊಟ್ಟೆ, ಜನಿವಾರ ಎಲ್ಲವನ್ನೂ ಮುಚ್ಚಿತು. ಮನೆಯೆಲ್ಲ ಟರ್ಪೆಂಟೈನ್ ವಾಸನೆ. ಸೋಮವಾರ ಪಾಠಕ್ಕೆ ಬಂದ ಒಂದು ಮಗು ವಾಂತಿ ಮಾಡಿಕೊಂಡಿತು. ಅದರ ತಾಯಿ ಬಂದು ಬಾಗಿಲಲ್ಲೇ ನಿಂತು, "ಒಂದು ತಿಂಗಳು ಕಳಿಸಲ್ಲ ಮೇಡಂ," ಎಂದು ಹೇಳಿ ಹೋದಳು. ನೋಡನೋಡುತ್ತಲೇ ಇನ್ನೂ ಇಬ್ಬರು ಬಿಟ್ಟರು.

"ನನ್ನ ಕೆಲಸ ಕೆಲಸ ಅಲ್ವಾ ಅತ್ತೆ?" ಎಂದು ಶರಣ್ಯ ಅಡುಗೆಮನೆಯ ಬಾಗಿಲಿಗೆ ಬಂದು ಕೇಳಿದಳು. "ಆರು ವರ್ಷ ಆಯ್ತು ಈ ಮಕ್ಕಳನ್ನ ಸೇರಿಸಕ್ಕೆ. ಸತ್ತು ಹೋದವರಿಗೆ ಕೋಟು ಹೊಲಿಸೋದಕ್ಕೆ ನನ್ನ ಮಕ್ಕಳನ್ನ ಓಡಿಸ್ತಿದೀರ."

"ಇನ್ನೊಂದು ವಾರ ತಡಕೋವಾ."

"ಇದನ್ನೇ ಹೋದ ವಾರಾನೂ ಹೇಳಿದ್ರಿ." ಅವತ್ತು ಅವಳು ಚಪಾತಿ ಹಿಟ್ಟು ಕಲಸಲಿಲ್ಲ. ಶ್ಯಾಮಸುಂದರನೇ ಅನ್ನಕ್ಕೆ ಇಟ್ಟ.

ತೊಂದರೆ ಅಲ್ಲಿಗೇ ಮುಗಿಯಲಿಲ್ಲ. ಪೇಟ, ಕೋಟಿನ ನಡುವೆ ಆ ಒಂದು ಕಣ್ಣು ಮುಚ್ಚಿದ ನಗು ಈಗ ಬೇರೆಯೇ ಆಗಿ ಕಾಣುತ್ತಿತ್ತು. ಮಣೆಯ ಮೇಲೆ ಕೂತಾಗ ಖುಷಿಯಾಗಿ ಕಂಡವನು ಪೇಟ ಹಾಕಿದ ಮೇಲೆ ಕುಡಿದವನಂತಿದ್ದ. ಶ್ಯಾಮಸುಂದರ ಕಾಫಿ ಲೋಟ ಹಿಡಿದು ನೋಡಿ, ಏನೂ ಹೇಳದೆ ಒಳಗೆ ಹೋದ. ಅವನು ಹೇಳದಿದ್ದದ್ದೇ ವತ್ಸಲಾಳನ್ನು ಹೆಚ್ಚು ಕೆರಳಿಸಿತು.

"ಕಣ್ಣು ತೆಗಸು," ಎಂದಳು ಇರಣ್ಣನಿಗೆ ಮೂರನೆಯ ಭಾನುವಾರ.

ಅವನು ತಲೆ ಅಲ್ಲಾಡಿಸುತ್ತಲೇ ಕಣ್ಣು ತೆರೆಸಿದ.

"ಇನ್ನ ಬಾಯಿ. ಹಲ್ಲು ಕಾಣಬಾರದು."

ಇರಣ್ಣ ಬ್ರಷ್ಷು ಕೆಳಗಿಟ್ಟ. "ಅದೊಂದು ನನ್ನ ಕೈಲೆ ಆಗೂದಿಲ್ರಿ ಅವ್ವಾರ. ನಗೋ ಮನಷ್ಯಾನ ಬಾಯಿ ಮುಚ್ಚಸಾಕ ನನ್ನ ಕೈ ಏಳೂದಿಲ್ಲ. ಸಿಟ್ಟಿಗೇಳಬ್ಯಾಡ್ರಿ." ಕೈ ಒರೆಸಿಕೊಂಡು ಹೊರಟೇಬಿಟ್ಟ.

ಬಾಯಿ ಹಾಗೇ ಉಳಿಯಿತು. ಹೊಸ ಫೋಟೋ ಸಂಚಿಕೆಗೆ ಹೋಯಿತು. ಕಾರ್ಯದರ್ಶಿಯಿಂದ ಮೆಚ್ಚುಗೆಯ ಮಾತು ಬಂತು: "ಈಗ ನೋಡ್ರಿ ತಾಯಿ, ಏನ್ ಗತ್ತು! ಚಿತ್ರಾ ಬರದವರ ಹೆಸರು?"

"ಗೊತ್ತಿಲ್ರಿ. ಯಾರೋ ಹಳೇ ಕಾಲದವರು," ಎಂದಳು ವತ್ಸಲಾ.

ಸಮಾವೇಶದ ಹಿಂದಿನ ದಿನ, ಶನಿವಾರ ಬೆಳಿಗ್ಗೆ ವಾದಿರಾಜ ಮಾವ ಬಂದರು. ಎಂಬತ್ತೊಂದರ ಮುದುಕರು, ಕೈಯಲ್ಲಿ ಕೋಲು, ಧಾರವಾಡದ ಪೇಡೆಯ ಡಬ್ಬಿ. ವತ್ಸಲಾ ಅವರನ್ನು ಕೈ ಹಿಡಿದು ನೇರ ಹಾಲಿನ ಗೋಡೆಯ ಮುಂದೆ ತಂದು ನಿಲ್ಲಿಸಿದಳು. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಸೋಫಾದ ತುದಿಯಲ್ಲಿ ಕೂತು ನೀರು ಕೇಳಿದರು.

ಊಟಕ್ಕೆ ಮೆಂತ್ಯದ ಪಲ್ಯ, ಚಪಾತಿ, ಅವರಿಗೆ ಇಷ್ಟವೆಂದು ಮಾಡಿದ ಗೋಧಿ ಹುಗ್ಗಿ. ವಾದಿರಾಜರು ಹುಗ್ಗಿಯನ್ನು ಮುಟ್ಟಲಿಲ್ಲ.

"ಅದಕ್ಕ ಬಣ್ಣ ಬಳದವರು ಯಾರು?" ಎಂದರು ಕೊನೆಗೆ.

"ನಾನ ಬಳಿಸೇನಿ ಮಾಮಾ. ಸಂಚಿಕೆಯವರು ಹಂಗ ಹಾಕೂದಿಲ್ಲ ಅಂದ್ರು. ಮೈಮ್ಯಾಲೆ ಒಂದ ಅಂಗಿ ಇರಲಿಲ್ಲ."

"ನಿಮ್ಮವ್ವ ಬರದದ್ದು ಅದು."

ವತ್ಸಲಾಳ ಕೈಯಲ್ಲಿದ್ದ ತುಪ್ಪದ ಚಮಚ ಹಾಗೇ ನಿಂತಿತು. "ಯಾರು?"

"ನಿಮ್ಮವ್ವ. ಮತ್ತ್ಯಾರು? ಹೊರಗಿನವರ ಮುಂದ ಅಪ್ಪ ಎಣ್ಣೀ ಹಚಗೊಂಡು ಕೂಡತಿದ್ನೇನು? ನಮ್ಮ ದೊಡ್ಡಣ್ಣಗ ಚಿತ್ರ ಕಲಸಾಕ ಹುಬ್ಬಳ್ಳಿಯಿಂದ ಒಬ್ಬ ಮಾಸ್ತರು ಬರ್ತಿದ್ದರು. ಅಣ್ಣ ಕುದುರಿ ಹತ್ತಿ ಹೋಗಿಬಿಡತಿದ್ದ. ಕಲಸಿಟ್ಟ ಬಣ್ಣ ಒಣಗಿ ಹೋಗ್ತಾವ ಅಂತ ನಿಮ್ಮವ್ವ ಕೂತಳು. ಆಗ ಆಕಿಗೆ ಹದಿನೇಳು, ನನಗ ಎಂಟು. ದೀಪಾವಳಿ ದಿನ ಶುರು ಮಾಡಿದಳು. ಆಕಿ ಸಲುವಾಗಿ ಅಪ್ಪ ಹನ್ನೊಂದು ದಿನ ದಿನಾ ಎಣ್ಣೀ ಹಚಗೊಂಡು ಕೂತ. ಎಣ್ಣೀಬಟ್ಟಲಾ ಹಿಡಕೊಂಡು ನಿಲ್ಲಾಂವ ನಾನ."

"ನಮ್ಮವ್ವ... ನನ್ನ ಮುಂದ ಒಂದು ದಿನಾನೂ ಹೇಳಲಿಲ್ಲ. ಬ್ರಷ್ಷು ಹಿಡದದ್ದ ನಾ ನೋಡಿಲ್ಲ."

"ಮುಂದ ಲಗ್ನ ಆತಲ್ಲ." ವಾದಿರಾಜರು ಚಪಾತಿಯನ್ನು ಹರಿದು ಹಾಗೇ ಬಿಟ್ಟರು. "ಅತ್ತೀ ಮನಿಯೊಳಗ ಹನ್ನೆರಡು ಮಂದಿ ಅಡಗಿ. ಆಕಿ ಬರದದ್ದು ಅದೊಂದ. ಅದಕ್ಕಂತನ ನನ್ನ ಮಕ್ಕಳಿಗೆ ಕೊಡದ ನಿನಗ ಕಳಿಸಿದ್ದು."

"ಹೇಳಬೇಕಿಲ್ಲೇನು ಮಾಮಾ!" ವತ್ಸಲಾಳ ಧ್ವನಿ ಇಡೀ ಮನೆಗೆ ಕೇಳಿತು. "ಒಂದ ಮಾತು ಫೋನಿನ್ಯಾಗ ಹೇಳಿದ್ದರ!"

"ನಿಮ್ಮವ್ವಂದು ನಿನಗ ಗೊತ್ತಿಲ್ಲ ಅಂತ ನನಗ ಹ್ಯಾಂಗ ಗೊತ್ತಾಗಬೇಕು?" ಮುದುಕರೂ ಜೋರಾಗಿಯೇ ಹೇಳಿದರು. ಆಮೇಲೆ ಕೈ ತೊಳೆಯಲು ಎದ್ದರು. ಶರಣ್ಯ ಅವರ ಕೋಲು ಕೊಟ್ಟಳು.

ವತ್ಸಲಾ ಬಡಿಸುವುದನ್ನು ಬಿಟ್ಟು ಹಾಲಿಗೆ ಹೋಗಿ ಚಿತ್ರದ ಮುಂದೆ ನಿಂತಳು. ಆ ನಗು ಯಾರ ಕಡೆಗೆ ಎಂಬುದು ಅವಳಿಗೆ ಈಗ ತಿಳಿಯಿತು. ಹದಿನೇಳರ ಹುಡುಗಿ, ಕೆನ್ನೆಗೆ ಬಣ್ಣ ಮೆತ್ತಿಕೊಂಡು ಅಲ್ಲಾಡಬ್ಯಾಡ ಅಂತ ಅಪ್ಪನನ್ನು ಗದರಿಸುತ್ತಿದ್ದಿರಬೇಕು. ತಾನು ಕಂಡ ಅವ್ವ ಯಾರನ್ನೂ ಗದರಿಸಿದವಳಲ್ಲ. ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು, ಈಗ ಕೇಳಲೂ ಆಗದು.

"ಮಹಾನಂದಾಗೆ ಫೋನ್ ಮಾಡು," ಎಂದಳು ಸೊಸೆಗೆ. "ಇರಣ್ಣ ಈಗಿಂದೀಗ ಬರ್ಲಿ."

ಇರಣ್ಣ ಶಿಫ್ಟು ಮುಗಿಸಿ ನಾಲ್ಕು ಗಂಟೆಗೆ ಬಂದ. ಕಂಪನಿಯ ನೀಲಿ ಅಂಗಿಯಲ್ಲೇ ಇದ್ದ. ವಿಷಯ ಕೇಳಿ ಹಣೆ ಒತ್ತಿಕೊಂಡ. "ಒಣಗೈತ್ರೀ ಅವ್ವಾರ. ಲಗೂನ ಒಣಗ್ಲಿ ಅಂತ ನಾನ ಔಷಧಿ ಹಾಕೀನಿ. ನೋಡ್ತೀನಿ, ಮಾತು ಕೊಡಾಂಗಿಲ್ಲ."

ಹಾಲಿನ ಕಿಟಕಿಗಳನ್ನೆಲ್ಲ ತೆರೆದರು. ಇರಣ್ಣ ಹತ್ತಿಯನ್ನು ಬಣ್ಣ ಕರಗಿಸುವ ದ್ರಾವಣದಲ್ಲಿ ಅದ್ದಿ ಕೋಟಿನ ಅಂಚಿನಿಂದ ಶುರು ಮಾಡಿದ. ಬಿಳಿ ಬಣ್ಣ ಸ್ವಲ್ಪ ಸ್ವಲ್ಪ ಬಂತು. ಒಂದು ಅಂಗೈಯಷ್ಟು ಹೊಟ್ಟೆ ಕಂಡಿತು. ಶ್ಯಾಮಸುಂದರ ಹತ್ತಿಯ ಉಂಡೆ ಮಾಡಿ ಮಾಡಿ ಕೊಡುತ್ತಿದ್ದ. ಆರು ಗಂಟೆಯ ಹೊತ್ತಿಗೆ ಎದೆಯ ಅರ್ಧ ಬಿಡಿಸಿಯಾಗಿತ್ತು. ಆಮೇಲೆ ಇರಣ್ಣ ಚಿತ್ರದ ಕಣ್ಣಿಗೆ ಕೈ ಹಾಕಿದ. ಎರಡು ಸಲ ಮೆಲ್ಲಗೆ ಒರೆಸಿದ. ಹತ್ತಿಯಲ್ಲಿ ಬಂದದ್ದು ತಾನು ಹಚ್ಚಿದ ಬಣ್ಣವಷ್ಟೇ ಅಲ್ಲ, ಅದರ ಕೆಳಗಿನ ಕಂದು ಬಣ್ಣವೂ ಎಂದು ಅವನಿಗೆ ತಿಳಿಯಿತು. ಮುಚ್ಚಿದ ಕಣ್ಣಿನ ರೆಪ್ಪೆ ಇದ್ದ ಜಾಗದಲ್ಲಿ ಬರಿಯ ಕ್ಯಾನ್ವಾಸ್ ಬಟ್ಟೆಯ ನೂಲು ಕಾಣುತ್ತಿತ್ತು.

"ನಿಲ್ಸಪಾ," ಎಂದಳು ವತ್ಸಲಾ. "ಸಾಕು. ನಿಲ್ಸು."

ಇರಣ್ಣ ಹತ್ತಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತುಬಿಟ್ಟ. "ನಂದ ತಪ್ಪ್ರಿ. ಅವತ್ತ ಎದ್ದು ಹೋಗಬೇಕಾಗಿತ್ತು ನಾ."

"ನೀ ಹೇಳಿದ್ದಿ. ನಾ ಕೇಳಲಿಲ್ಲ." ಅವಳು ಅವನಿಗೆ ಚಹಾ ತರಲು ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಚಹಾ ಶರಣ್ಯ ತಂದುಕೊಟ್ಟಳು.

ಆ ರಾತ್ರಿ ಶ್ರೀಕಾಂತನೇ ಮೊದಲ ಸಲ ಕೈ ಹಚ್ಚಿ ಚಿತ್ರವನ್ನು ಇಳಿಸಿ ವತ್ಸಲಾಳ ಕೋಣೆಗೆ ಸಾಗಿಸಿದ. ಅದನ್ನು ಬೀರುವಿನ ಮುಂದೆ ಒರಗಿಸಿದ್ದರಿಂದ ಬಾಗಿಲು ಅರ್ಧವಷ್ಟೇ ತೆರೆಯುತ್ತಿತ್ತು. ಮರುದಿನ ಉಡಬೇಕೆಂದಿದ್ದ ಇಳಕಲ್ ಸೀರೆ ಕೈಗೆ ಎಟುಕದೆ ವತ್ಸಲಾ ಮನೆಯಲ್ಲಿ ಉಡುವ ಸೀರೆಯಲ್ಲೇ ಹೊರಟಳು.

ಬೊಮ್ಮಸಂದ್ರದ ಕಡೆಯಿಂದ ಬಂದ ಹಳದಿ ಮೆಟ್ರೋದಲ್ಲಿ ಐದು ಜನವೂ ಹೋದರು. ಕಲ್ಯಾಣ ಮಂಟಪದ ಬಾಗಿಲಲ್ಲಿ ಪನ್ನೀರು, ಪೇಟ ಸುತ್ತಿದ ಸ್ವಯಂಸೇವಕರು, ಮೇಜಿನ ಮೇಲೆ ಸಂಚಿಕೆಯ ರಾಶಿ. ವತ್ಸಲಾ ಒಂದನ್ನು ಎತ್ತಿ ಪುಟ ತಿರುಗಿಸಿದಳು. ಒಂಬತ್ತನೆಯ ಪುಟದಲ್ಲಿ ಕೆಂಪು ಪೇಟದ ದೇಸಾಯರು ಎರಡೂ ಕಣ್ಣು ತೆರೆದು ಅವಳನ್ನು ನೋಡಿ ನಗುತ್ತಿದ್ದರು. ಕೆಳಗೆ ಅಚ್ಚಾಗಿತ್ತು: ಚಿತ್ರಕಾರರು, ತಿಳಿದಿಲ್ಲ.

ಅವಳು ಕುರ್ಚಿ ಎಳೆದುಕೊಂಡು ಮೇಜಿನ ಹಿಂದೆ ಕೂತಳು. ಚೀಲದಿಂದ ಪೆನ್ನು ತೆಗೆದಳು. 'ತಿಳಿದಿಲ್ಲ' ಎಂಬುದನ್ನು ಹೊಡೆದು ಪಕ್ಕದಲ್ಲಿ ಅವ್ವನ ಹೆಸರು ಬರೆದಳು. ಎರಡನೆಯ ಪ್ರತಿ, ಮೂರನೆಯ ಪ್ರತಿ.

ಕಾರ್ಯದರ್ಶಿ ಓಡಿ ಬಂದರು. "ತಾಯಿ, ಏನ್ ಮಾಡ್ಲಿಕ್ಕತ್ತೀರಿ? ಹೊಸಾ ಪುಸ್ತಕ ಗೀಚಬ್ಯಾಡ್ರಿ!"

"ಹೆಸರು ಬಿಟ್ಟದ. ಬರೀತೇನಿ."

"ಮುಂದಿನ ವರ್ಷ ತಿದ್ದುಪಡಿ ಹಾಕೋಣಂತ."

"ಮುಂದಿನ ವರ್ಷದ ತನಕಾ ನಾ ಇರ್ತೇನೋ ಇಲ್ಲೊ," ಎಂದರು ವಾದಿರಾಜರು ಹಿಂದಿನಿಂದ. ಕಾರ್ಯದರ್ಶಿ ಪಕ್ಕಕ್ಕೆ ಸರಿದರು.

ಶರಣ್ಯ ಇನ್ನೊಂದು ಕುರ್ಚಿ ತಂದು ಅತ್ತೆಯ ಪಕ್ಕ ಕೂತಳು. ಪರ್ಸಿನಲ್ಲಿ ಪಾಠದ ಪೆನ್ನುಗಳಿದ್ದವು. ಒಂದನ್ನು ಶ್ಯಾಮಸುಂದರನ ಕಡೆ ಚಾಚಿದಳು. ಅವನು ನಿಂತೇ ಒಂದು ಪ್ರತಿಯನ್ನು ಬಿಡಿಸಿದವನು ಅನುಮಾನಿಸಿದ.

"ನಿಮ್ಮಮ್ಮನ ಹೆಸರು ಸುಶೀಲಾಬಾಯಿ ಕುಲಕರ್ಣಿ ಅಲ್ವಾ? ನೀನು ಬೇರೆ ಬರೀತಿದೀಯ."

"ಅದು ಲಗ್ನದಾಗ ಇಟ್ಟ ಹೆಸರು. ಚಿತ್ರಾ ಬರದಾಗ ಆಕಿ ಅಂಬಾ. ಅಂಬಾ ವೆಂಕಟರಾವ್ ದೇಸಾಯಿ. ಹಂಗ ಬರೀರಿ."

ಅವನು ಟೂಲ್ ರೂಮಿನ ನಕಾಶೆಗಳಲ್ಲಿ ಬರೆಯುತ್ತಿದ್ದ ಹಾಗೆ ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ ಬರೆದ.

ರಾಶಿ ಮುಗಿಯುವ ಹೊತ್ತಿಗೆ ಮೊದಲ ಪಂಕ್ತಿಯ ಊಟ ನಡೆಯುತ್ತಿತ್ತು. ಆದರೆ ಬೆಳಗಿನಿಂದ ಬಂದವರು ತೆಗೆದುಕೊಂಡು ಹೋದ ನೂರಕ್ಕೂ ಹೆಚ್ಚು ಪ್ರತಿಗಳು ಅವರವರ ಚೀಲಗಳಲ್ಲಿದ್ದವು. ಕೆಲವರು ಆಗಲೇ ಮನೆಗೂ ಹೊರಟಿದ್ದರು.

"ಅವೆಲ್ಲಾ ಹೋದವು ಬಿಡಿ ಅತ್ತೆ," ಎಂದಳು ಶರಣ್ಯ ಬೆರಳು ಮುರಿಯುತ್ತ.

ವತ್ಸಲಾ ಬಿಡಲಿಲ್ಲ. ಪೆನ್ನು ಹಿಡಿದು ಊಟದ ಹಾಲಿಗೆ ನಡೆದಳು. ಎಲೆಗಳ ಸಾಲಿನ ತುದಿಯಲ್ಲಿ ಕೂತಿದ್ದ ಜರಿ ಶಲ್ಯದವರೊಬ್ಬರ ಮುಂದೆ, ನೀರಿನ ಲೋಟದ ಪಕ್ಕ, ಸಂಚಿಕೆ ಇತ್ತು. ಅವಳು ಬಗ್ಗಿ, "ಒಂದ ನಿಮಿಷ ಇದನ್ನ ಕೊಡ್ರಿ," ಎಂದಳು.

ಅವರು ಅನ್ನದ ಕೈಯನ್ನು ಎಲೆಯ ಮೇಲೇ ತಡೆದು ತಲೆಯೆತ್ತಿದರು. "ಯಾಕವಾ, ಅಚ್ಚಿನ ತಪ್ಪು ಆಗೇದೇನು?"

"ಅಚ್ಚಿನದಲ್ರಿ," ಎಂದಳು ವತ್ಸಲಾ ಒಂಬತ್ತನೆಯ ಪುಟ ತಿರುವುತ್ತ. "ನಂದು."